ಹಾಡು ಯಾರದು?

ಕಳೆದ ದೀಪಾವಳಿಯ ಬಿಡುವಿನಲ್ಲಿ ನನ್ನ ಊರಾದ ಮಮದಾಪುರಕ್ಕೆ ಹೋದಾಗ, ಇಂಗ್ಲೆಂಡಿನ ವೃದ್ಧ ಗಾಯಕಿಯೊಬ್ಬರ ಧ್ವನಿಮುದ್ರಿಕೆಯನ್ನು ನನ್ನೊಡನೆ ಒಯ್ದಿದ್ದೆ. ಒಯ್ದದ್ದು ಕಿಸೆಯೊಳಗಿನ ಮೊಬೈಲಿನಲ್ಲಿ. ಸಂಜೆ ಪಡಸಾಲೆಯಲ್ಲಿ ಕುಳಿತು ಅದನ್ನು ಕೇಳುತ್ತಿದ್ದಾಗ, ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವ ಮೊರವನ್ನು ಹಿಡಿದುಕೊಂಡೇ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತಳು.

ಆ ಗಾಯಕಿಯ ಹೆಸರು ಶರ್ಲಿ ಕಾಲಿನ್ಸ್. 1935ರಲ್ಲಿ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದವರು. ನಡುವಯಸ್ಸಿನಲ್ಲಿ ಕಂಠ ಕೈಕೊಟ್ಟು, ಹಲವು ದಶಕಗಳ ಮೌನದ ಬಳಿಕ ಮತ್ತೆ ಹಾಡಿದರು. ನಾನು ಕೇಳುತ್ತಿದ್ದ ‘ಹಾರ್ಟ್ಸ್ ಈಸ್’ 2020ರಲ್ಲಿ, ಅವರ ಎಂಬತ್ತೈದನೆಯ ವಯಸ್ಸಿನಲ್ಲಿ ಹೊರಬಂದುದು. ಅದರಲ್ಲಿ ‘ಬಾರ್ಬರಾ ಆಲನ್’ನಂಥ ಪುರಾತನ ಕಥನಗೀತವಿದೆ. ಅವರ ಸೋದರ ಸಂಬಂಧದ ಮಗನೊಬ್ಬ ರಚಿಸಿದ, ಹಿಮದಲ್ಲಿ ಸಿಕ್ಕಿಕೊಂಡ ಹಡಗಿನ ಹಾಡೂ ಇದೆ. ಅವರ ಮೊದಲ ಪತಿ ಆಸ್ಟಿನ್ ಜಾನ್ ಮಾರ್ಷಲ್ ಬರೆದ ‘ವಿಟ್ಸನ್ ಡ್ಯಾನ್ಸ್’ ಮೊದಲನೆಯ ಮಹಾಯುದ್ಧದಲ್ಲಿ ಗಂಡಸರನ್ನು ಕಳೆದುಕೊಂಡ ಹಳ್ಳಿಗಳಲ್ಲಿ ಹೆಂಗಸರೇ ಗಂಡಸರ ಕುಣಿತವನ್ನು ಮುಂದುವರಿಸಿದುದನ್ನು ಹೇಳುತ್ತದೆ. ಮಾತು ಹೊಸದು, ಧಾಟಿ ಹಳೆಯದು. ಪರಂಪರೆ ಎಲ್ಲಿ ಮುಗಿಯಿತು, ಹೊಸ ರಚನೆ ಎಲ್ಲಿ ಮೊದಲಾಯಿತು ಎಂಬ ಅಂಚು ಕಿವಿಗೆ ತೋರುವುದಿಲ್ಲ.

ಅವ್ವನಿಗೆ ಆ ಭಾಷೆಯ ಒಂದಕ್ಷರವೂ ತಿಳಿಯದು. ಆದರೂ ಎರಡು ಹಾಡು ಮುಗಿಯುವಷ್ಟರಲ್ಲಿ ಅಂದಳು: “ಮುದುಕಿ ಅದಾಳಲ್ಲ ತಮ್ಮಾ? ಬೀಸಾಕ ಕುಂತಾಕಿ ಹಾಡಿದಂಗ ಹಾಡತಾಳ. ಮಂದಿ ಕೇಳಲಿ ಅಂತ ಹಾಡವಲ್ಲಳು.”

ಗ್ರಂಥಸ್ಥ ವಿಮರ್ಶೆ ಇದಕ್ಕಿಂತ ಹೆಚ್ಚೇನು ಹೇಳೀತು? ನಾನು ಉತ್ಸಾಹದಿಂದ, ಇದರಲ್ಲಿ ಕೆಲವು ಪರಂಪರೆಯ ಹಾಡುಗಳೆಂದೂ ಕೆಲವನ್ನು ಈಚಿನವರು ಕಟ್ಟಿದರೆಂದೂ ವಿವರಿಸತೊಡಗಿದೆ. ಅವ್ವ ಮೊರದಿಂದ ಕಣ್ಣೆತ್ತದೆ, “ನಿನ್ನ ವಹಿಯಾಗೂ ಎರಡೂ ಕೂಡೇ ಅದಾವ” ಎಂದಳು.

ಆ ವಹಿಯ ವಿಷಯವನ್ನು ವಾಚಕರಿಗೆ ಹೇಳಬೇಕು. ಎಂ.ಎ. ಓದುತ್ತಿದ್ದಾಗ ಅವ್ವನ ಬಾಯಿಂದ ಬೀಸುವ ಪದಗಳನ್ನು ಬರೆದುಕೊಂಡಿದ್ದೆ. ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿ ಬಹಳ ದಿನಗಳಾಗಿದ್ದವು. ಕೈಗೆ ಗೂಟವಿಲ್ಲದೆ ಹಾಡು ನೆನಪಿಗೆ ಬಾರದೆಂದು ಅವ್ವ ಬರಿಯ ಕಲ್ಲನ್ನೇ ತಿರುವುತ್ತ ಹಾಡಿದ್ದಳು. ವಹಿಯ ಮೊದಲ ಪುಟದಲ್ಲಿ ನಾನು ಗಂಭೀರವಾಗಿ ಬರೆದದ್ದು: ‘ಸಾಂಪ್ರದಾಯಿಕ, ಕರ್ತೃ ಅಜ್ಞಾತ.’ ಅದರೊಳಗಿನ ತೊಟ್ಟಿಲಿನ ತ್ರಿಪದಿಯೊಂದನ್ನು, ಜನಪದರ ಅನಾಮಿಕ ಪ್ರತಿಭೆಗೆ ನಿದರ್ಶನವೆಂದು ಎಷ್ಟೋ ವರ್ಷಗಳಿಂದ ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ.

ಆ ಅಜ್ಞಾತ ಕರ್ತೃ ನನ್ನ ಪಕ್ಕದಲ್ಲಿ ಕುಳಿತು ಜೋಳದ ಕಲ್ಲು ಆರಿಸುತ್ತಿದ್ದಳು. ನನಗಿಂತ ಮೊದಲು ಹುಟ್ಟಿ ಎಂಟು ತಿಂಗಳಿಗೆ ತೀರಿಹೋದ ಒಬ್ಬ ಅಕ್ಕ ನನಗಿದ್ದಳೆಂಬುದನ್ನು ಬಲ್ಲೆ. ಆದರೆ ಮನೆಯಲ್ಲಿ ಅವಳ ಮಾತು ಬಂದುದನ್ನು ಅರಿಯೆ. ಆ ಹಾಡು ಅವಳದು. ಅವಳು ಹೋದ ಮೇಲಿನ ಒಂದು ಬೆಳಗಿನ ಜಾವ, ಹಳೆಯ ಎರಡು ಪದಗಳ ನಡುವೆ, ಯಾರಿಗೂ ತಿಳಿಯದಂತೆ ಅವ್ವ ಅದನ್ನು ಸೇರಿಸಿದ್ದಳು. ಎದುರಿಗೆ ಗೂಟ ಹಿಡಿದಿದ್ದ ನೆರೆಮನೆಯಾಕೆ ಹಳೆಯದೆಂದೇ ತಿಳಿದು ಕಲಿತಳು. ಓಣಿ ಕಲಿತಿತು.

ನಾಚಿಕೆಯಿಂದಲೋ ದುಃಖದಿಂದಲೋ ಮಾತು ಹೊರಡದೆ, ಕಡೆಗೆ ವಹಿಯಲ್ಲಿ ನಿನ್ನ ಹೆಸರನ್ನು ಬರೆಯುತ್ತೇನೆಂದೆ. ಅವ್ವ ಒಪ್ಪಲಿಲ್ಲ. “ನನ್ನ ಹೆಸರ ಹಚ್ಚಿದಿ ಅಂದ್ರ ಅದು ನಮ್ಮ ಮನಿ ಸುದ್ದಿ ಆಗತೈತಿ. ಕೂಸು ಕಳಕೊಂಡಾಕಿ ಮತ್ತೊಬ್ಬಾಕಿ ಅದನ್ನ ಹ್ಯಾಂಗ ಹಾಡಬೇಕು?”

ಈ ಪ್ರಶ್ನೆಗೆ ನನ್ನ ಓದಿನಲ್ಲಿ ಉತ್ತರವಿರಲಿಲ್ಲ. ನಮ್ಮ ಜಿಲ್ಲೆಯದೇ ಆದ ಹಲಸಂಗಿಯ ಗೆಳೆಯರು ನೆನಪಾದರು. ಕಾಪಸೆ ರೇವಪ್ಪ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅದೇ ಗೆಳೆಯರ ಬಳಗದ ಮಧುರಚೆನ್ನರು ಜನಪದದ ಅದೇ ಸರಳ ನುಡಿಯಲ್ಲಿ ತಮ್ಮದೇ ‘ನನ್ನ ನಲ್ಲ’ವನ್ನು ಬರೆದರು. ಹಳೆಯ ಹಾಡಿನ ಪಕ್ಕದಲ್ಲೇ ಹೊಸ ಹಾಡು ಹುಟ್ಟುವುದು ನಮಗೆ ಇಂಗ್ಲೆಂಡಿನಿಂದ ಬಂದ ಪಾಠವಲ್ಲ. ಆದರೆ ಕವಿಗೆ ಹೆಸರುಂಟು, ಸಂಗ್ರಾಹಕನಿಗೆ ಹೆಸರುಂಟು. ಹಾಡಿದಾಕೆ ಮಾತ್ರ ‘ಗರತಿ’.

ಮಧುರಚೆನ್ನರು ಹುಟ್ಟಿದ 1903ರಲ್ಲಿಯೇ ಇಂಗ್ಲೆಂಡಿನ ಸಾಮರ್ಸೆಟ್ಟಿನಲ್ಲಿ ಸೆಸಿಲ್ ಶಾರ್ಪ್ ಎಂಬ ವಿದ್ವಾಂಸನು ಒಬ್ಬ ತೋಟಗಾರನ ಹಾಡನ್ನು ಕೇಳಿ ಬರೆದುಕೊಂಡನು. ಆ ತೋಟಗಾರ ಜಾನ್ ಇಂಗ್ಲೆಂಡನ ಹೆಸರು ಇಂದಿಗೂ ಉಳಿದಿದೆ. ಹಾಡನ್ನು ಕಟ್ಟಿದವನು ಅವನಲ್ಲ, ಅವನಿಂದ ಕೇಳಿದ್ದು, ಅಷ್ಟೆ. ಯಾರಿಂದ ಕಲಿತೆನೆಂದು ಹೇಳುವ ಈ ಪದ್ಧತಿ ಆ ನಾಡಿನ ಗಾಯಕರಲ್ಲಿ ಬೇರೂರಿದೆ. ನಮ್ಮಲ್ಲಿಯಾದರೋ ‘ಜಾನಪದ’ ಎಂಬ ಒಂದೇ ಮಾತು ಎಲ್ಲ ಋಣವನ್ನೂ ತೀರಿಸಿಬಿಡುತ್ತದೆ. ವೇದಿಕೆಯೂ ಚಲನಚಿತ್ರವೂ ಆ ಹಾಡುಗಳಿಂದ ಹಣ ಮಾಡಿವೆ. ಬೀಸಿದವರಿಗೆ ಅದರ ಸುಳಿವೂ ಇಲ್ಲ.

ಮರುದಿನ ನಸುಕಿನಲ್ಲಿ ಕೆರೆಯ ಏರಿಯ ಮೇಲೆ ನಡೆದೆ. ಗೋಲಗುಮ್ಮಟದಲ್ಲಿ ಮಲಗಿರುವ ಮಹಮ್ಮದ ಆದಿಲಶಾಹನು ಕಟ್ಟಿಸಿದ ಕೆರೆ ಇದು. ಊರಿಗೂ ಅವನದೇ ಹೆಸರು. ಕಲ್ಲು ಹೊತ್ತವರ ಹೆಸರನ್ನು ಅವರನ್ನು ಕೇಳದೆಯೇ ಕಾಲ ಅಳಿಸಿತು. ಅವ್ವ ತನ್ನ ಹೆಸರನ್ನು ತಾನೇ ಬಿಟ್ಟುಕೊಟ್ಟಳು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ಬಗೆಯ ಅಜ್ಞಾತತನ. ಒಂದು ಮರೆವು, ಇನ್ನೊಂದು ದಾನ. ಇವುಗಳ ಭೇದವನ್ನು ತಿಳಿಯದೆಯೇ ನಾನು ಇಷ್ಟು ವರ್ಷ ಪಾಠ ಹೇಳಿದೆ. ಜನಪದರು ಹಾಡು ಕಟ್ಟುವುದಿಲ್ಲ. ಒಬ್ಬಾಕೆ, ಒಂದು ದಿನ, ತನ್ನ ಒಂದು ನೋವಿಗೆ ಕಟ್ಟುತ್ತಾಳೆ. ಜನಪದರು ಅದನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆ.

ಈ ಲೇಖನಕ್ಕೆ ಅವ್ವನ ಅಪ್ಪಣೆಯನ್ನು ಕೇಳಿದೆ. “ಸುದ್ದಿ ಬರದರ ಹಾಡ ಬರೀಬ್ಯಾಡ, ಹಾಡ ಬರದರ ಸುದ್ದಿ ಬರೀಬ್ಯಾಡ” ಎಂದಳು. ಆದುದರಿಂದ ಆ ಮೂರು ಸಾಲುಗಳು ಇಲ್ಲಿಲ್ಲ. ನಮ್ಮ ಸೀಮೆಯಲ್ಲಿ ತೊಟ್ಟಿಲ ಪದಗಳು ನೂರಾರು. ಅದು ಯಾವುದೆಂದು ವಾಚಕರು ಹುಡುಕದಿರಲಿ.

ವಹಿಯ ಮೊದಲ ಪುಟದಲ್ಲಿ ‘ಕರ್ತೃ ಅಜ್ಞಾತ’ ಎಂಬುದನ್ನು ಹೊಡೆದುಹಾಕಿದ್ದೇನೆ. ಆ ಒಂದು ಹಾಡಿಗಲ್ಲ, ಪ್ರತಿಯೊಂದು ಹಾಡಿನ ಕೆಳಗೂ ಒಂದೇ ಮಾತನ್ನು ಬರೆದಿದ್ದೇನೆ: ‘ಅವ್ವನಿಂದ ಕೇಳಿದ್ದು, ಮಮದಾಪುರ.’