ಕೈತೋಟದ ಜಾತ್ರೆಯೂ ದಾಸೋಹವೇ



ಜಾತ್ರೆಯೆಂದರೆ ತೇರು, ಪಲ್ಲಕ್ಕಿ, ಬೆಂಡು-ಬತ್ತಾಸು ಮಾತ್ರವೆಂದು ಈಗಿನ ಮಕ್ಕಳು ತಿಳಿದಿದ್ದಾರೆ. ಹಿರಿಯರಾದ ತಮಗೆ ಅದು ಅಷ್ಟೇ ಅಲ್ಲವೆಂಬುದು ಗೊತ್ತು. ತೇರೆಳೆಯುವ ಹೊತ್ತಿಗೆ ಸುಗ್ಗಿ ಮುಗಿದಿರುತ್ತಿತ್ತು. ರಾಸುಗಳ ಪರಿಷೆ ಕೂಡುತ್ತಿತ್ತು. ನೇಗಿಲು, ಮಿಣಿ, ಕುಡುಗೋಲುಗಳ ವ್ಯಾಪಾರ ನಡೆಯುತ್ತಿತ್ತು. ಒಂದೂರಿನ ಒಳ್ಳೆಯ ರಾಗಿ, ಒಂದೂರಿನ ಒಳ್ಳೆಯ ಅವರೆ ಮತ್ತೊಂದೂರಿನ ಹೊಲಕ್ಕೆ ಸೆರಗಿನ ಗಂಟಿನಲ್ಲಿ ಹೋಗುತ್ತಿತ್ತು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಮಹಾಶಿವರಾತ್ರಿಯ ಜಾತ್ರೆಯೊಡನೆ ರಾಸುಗಳ ಪರಿಷೆಯೂ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ನಡೆದುಬಂದಿವೆ. ಸುತ್ತೂರಿನ ಜಾತ್ರೆಯಲ್ಲಿ ಕೃಷಿಮೇಳಕ್ಕೆ ಪ್ರತ್ಯೇಕ ಸ್ಥಾನವಿದೆ. ದೇವರ ಸನ್ನಿಧಿಯಲ್ಲಿ ಒಕ್ಕಲುತನದ ಮಾತಾಡುವುದು ನಮ್ಮ ನಾಡಿಗೆ ಹೊಸದಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ಭಕ್ತರು ದರ್ಶನಕ್ಕೆ ಬಂದಾಗ, "ಬುದ್ಧೀ, ನಮ್ಮ ಬಡಾವಣೆಯವರೆಲ್ಲ ಸೇರಿ ಕೈತೋಟದ ಮೇಳ ನಡೆಸಬೇಕೆಂದಿದ್ದೇವೆ. ಸಂಬಳದವರು ಯಾರೂ ಇಲ್ಲ, ನಾವೇ ದುಡಿಯಬೇಕು. ಹೇಗೆ ನಡೆಸಿದರೆ ಚೆನ್ನ?" ಎಂದು ಕೇಳುತ್ತಾರೆ. ಕೇಳುವವರು ಗಣಕಯಂತ್ರದ ಮುಂದೆ ಕೂತು ದುಡಿಯುವ ತರುಣರು. ಅವರ ಹಿಂದೆ, ಮಾತಾಡದೆ, ಅವರ ತಂದೆತಾಯಿ ನಿಂತಿರುತ್ತಾರೆ. ನಮ್ಮ ಉತ್ತರ ಇಬ್ಬರಿಗೂ ಸೇರಿದ್ದು.

ಮೊದಲು ಆ ನೆಲದ ಪೂರ್ವಕಥೆಯನ್ನು ತಿಳಿಯಬೇಕು. ಇಂದು ಗಾಜಿನ ಗೋಪುರಗಳಿಂದ ತುಂಬಿದ ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಸಮುದಾಯದ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೊಟ್ಟರು. ಆ ಕುಟುಂಬಗಳು ಅಲ್ಲಿ ನೆಲೆನಿಂತು ಉತ್ತು ಬಿತ್ತಿ ಬದುಕಲೆಂಬುದು ಉದ್ದೇಶ. ಎಲೆಕ್ಟ್ರಾನಿಕ್ ಸಿಟಿಯಾದರೋ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಆರಂಭಿಸಿದ್ದು. ಆಗಿನ ಅಧ್ಯಕ್ಷರಾದ ಆರ್. ಕೆ. ಬಾಳಿಗರ ಕನಸು ಅದು. ಪೀಣ್ಯ ಇಂದು ಏಷ್ಯಾಖಂಡದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದೆಂದು ಹೆಸರಾಗಿದೆ. ಹೆಸರುಗಳನ್ನು ಗಮನಿಸಿರಿ: ಅಗ್ರಹಾರ, ಹಳ್ಳಿ, ಪಾಳ್ಯ, ಸಂದ್ರ. ಊರಿನ ಹೆಸರು ಉಳಿದಿದೆ, ಊರಿನ ಹೊಲ ಹೋಗಿದೆ.

ಹೊಲ ಹೋದದ್ದನ್ನು ಕುರಿತು ಶೋಕಿಸುತ್ತ ಕೂಡುವುದು ನಮ್ಮ ಉದ್ದೇಶವಲ್ಲ. ಆ ಕಾರ್ಖಾನೆಗಳಿಂದಲೇ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ಆದರೆ ಹೊಲದೊಡನೆ ಮತ್ತೊಂದು ಸಂಪತ್ತು ಹೋಗುತ್ತಿದೆ, ಅದರ ಲೆಕ್ಕ ಯಾವ ಕಚೇರಿಯಲ್ಲೂ ಇಲ್ಲ. ಯಾವ ಮಳೆಗೆ ಏನು ಬಿತ್ತಬೇಕು, ಯಾವ ಕಾಯನ್ನು ಬೀಜಕ್ಕೆ ಬಿಡಬೇಕು, ಬೂದಿ ಬೆರೆಸಿ ಸೋರೆಬುರುಡೆಯಲ್ಲಿ ಬೀಜವನ್ನು ಹೇಗೆ ಕಾಪಿಡಬೇಕು ಎಂಬ ತಿಳಿವಳಿಕೆ ಅದು. ಮಗನ ಮನೆಗೆಂದು ಬಂದು ಒಂಬತ್ತನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕೂತ ಅಜ್ಜಿಯ ತಲೆಯಲ್ಲಿ ಅದಿನ್ನೂ ಇದೆ. ಕೇಳುವವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಗಿಡಕ್ಕಿಂತ ಹೆಚ್ಚಾಗಿ ಇಂದು ಮನೆಯ ಹಿರಿಯರಿಗೆ ಅನ್ವಯಿಸುತ್ತಿದೆ. ಕೈತೋಟದ ಮೇಳವೊಂದು ನಡೆದರೆ ಆ ಅಜ್ಜಿಗೆ ಕೇಳುವ ಕಿವಿಗಳು ಸಿಗುತ್ತವೆ. ಇದು ಮೊದಲ ಪ್ರಯೋಜನ.

ಇಂಥ ಮೇಳಗಳು ಆಗದ ಮಾತೆಂದು ಯಾರೂ ಹೇಳುವಂತಿಲ್ಲ. ಬೆಂಗಳೂರಿನಲ್ಲಿಯೇ ಕೃಷಿ ವಿಜ್ಞಾನಿ ಡಾ. ಬಿ. ಎನ್. ವಿಶ್ವನಾಥ್ ಅವರು ತಾರಸಿಯ ಮೇಲೆ ಸಾವಯವ ತರಕಾರಿ ಬೆಳೆಯುವುದನ್ನು ವರ್ಷಗಟ್ಟಲೆ ಜನರಿಗೆ ಕಲಿಸಿದರು. ಅವರ ಮಾರ್ಗದರ್ಶನದಲ್ಲಿ ಗಾರ್ಡನ್ ಸಿಟಿ ಫಾರ್ಮರ್ಸ್ ಎಂಬ ಸಂಸ್ಥೆ ರೂಪುಗೊಂಡು, 2011ರಿಂದ 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳವನ್ನು ನಗರದ ಬೇರೆ ಬೇರೆ ಬಡಾವಣೆಗಳಲ್ಲಿ ನಡೆಸಿತು. ನಿಮ್ಮ ತೋಟದ್ದೇ ಊಟ ಎಂಬುದು ಅದರ ತಾತ್ಪರ್ಯ. ಬೀಜ, ಸಸಿ, ಗೊಬ್ಬರಗಳ ಮಳಿಗೆಗಳು, ತಿಳಿದವರಿಂದ ಪಾಠ, ಬೆಳೆದವರ ನಡುವೆ ಬೀಜ-ಸಸಿಗಳ ವಿನಿಮಯ ಇವು ಅದರ ಅಂಗಗಳು. ನಡೆಸಿದವರು ಸ್ವಯಂಸೇವಕರು. ಇತ್ತ ಮಲೆನಾಡಿನ ಶಿರಸಿಯಲ್ಲಿ 'ವನಸ್ತ್ರೀ' ಎಂಬ ಮಹಿಳೆಯರ ಕೂಟವು ಹಿತ್ತಲಿನ ಬೀಜಗಳನ್ನು ಉಳಿಸಿ ಹಂಚುವ ಮೇಳವನ್ನು ನಡೆಸಿಕೊಂಡು ಬಂದಿದೆ. ಇದಕ್ಕೂ ಹಿಂದೆ ಹೋದರೆ, 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನ ಕಲಾ ಸಂಘವು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಇಂದಿಗೂ ಸರ್ಕಾರದ ತೋಟಗಾರಿಕೆ ಇಲಾಖೆಯೊಡನೆ ಹೆಗಲು ಕೊಡುತ್ತಿದೆ. ಇವೆಲ್ಲವೂ ಜನರು ಮುಂದೆ ಬಂದುದರಿಂದಲೇ ಬೆಳೆದವು.

ಇನ್ನು ನಡೆಸುವ ಕ್ರಮ. ಕಾಲವನ್ನು ಮೊದಲು ನೋಡಬೇಕು. ರಜೆ ಸಿಕ್ಕ ದಿನ ಮೇಳ ಮಾಡಿದರೆ ಬೀಜಕ್ಕೆ ಉಪಯೋಗವಿಲ್ಲ. ಮೇ ತಿಂಗಳ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರಾ ಮಳೆ ಕೂಡುತ್ತದೆ. ಅದಕ್ಕೆ ಸ್ವಲ್ಪ ಮೊದಲು ಮೇಳ ನಡೆದರೆ ಒಯ್ದ ಬೀಜ ನೇರವಾಗಿ ಕುಂಡಕ್ಕೆ ಬೀಳುತ್ತದೆ. ಸೋರೆ, ಹೀರೆ, ಪಡವಲ, ಬೆಂಡೆ, ದಂಟು ಇವೆಲ್ಲ ಆಗ ಸಲ್ಲುತ್ತವೆ. ಅವರೆಯನ್ನು ಮಳೆಗಾಲದ ನಡುವೆ ಹಾಕಿದರೆ ಮಾಗಿಯ ಇಬ್ಬನಿಗೆ ಸೊಗಡು ಕಟ್ಟುತ್ತದೆ. ಇದನ್ನು ಬೆಂಗಳೂರಿನ ಸೀಮೆಯ ಒಕ್ಕಲಿಗರಿಗೆ ಹೇಳಿಕೊಡಬೇಕಾಗಿಲ್ಲ.

ಎರಡನೆಯದು, ಕೆಲಸದ ಹಂಚಿಕೆ. ಎಲ್ಲರೂ ಎಲ್ಲವನ್ನೂ ಮಾಡುತ್ತೇವೆಂದು ಹೊರಟರೆ ಕೊನೆಗೆ ಇಬ್ಬರು ಮಾತ್ರ ಉಳಿಯುತ್ತಾರೆ, ಅವರೂ ಮುಂದಿನ ವರ್ಷ ಬರುವುದಿಲ್ಲ. ಸ್ಥಳ ಮತ್ತು ಅನುಮತಿಗೆ ಒಂದು ಗುಂಪು, ಬೀಜ-ಸಸಿಗೆ ಒಂದು, ಪಾಠಗಳಿಗೆ ಒಂದು, ನೀರು-ನೆರಳು-ಊಟಕ್ಕೆ ಒಂದು, ಕಸಕ್ಕೆ ಒಂದು. ಒಂದೊಂದಕ್ಕೂ ಒಬ್ಬ ಹಿರಿಯರು, ಒಬ್ಬ ಕಿರಿಯರು. ಉದ್ಯಾನವನದಲ್ಲಿ ನಡೆಸುವುದಾದರೆ ಪಾಲಿಕೆಯ ತೋಟಗಾರಿಕೆ ವಿಭಾಗದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಖರ್ಚಿನ ಲೆಕ್ಕವನ್ನು ಮೇಳ ಮುಗಿದ ವಾರದೊಳಗೆ ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಬೇಕು. ಸಾರ್ವಜನಿಕ ಕಾರ್ಯಗಳು ಹಣವಿಲ್ಲದೆ ನಿಂತದ್ದಕ್ಕಿಂತ ಲೆಕ್ಕವಿಲ್ಲದೆ ನಿಂತದ್ದೇ ಹೆಚ್ಚು.

ಮೂರನೆಯದು, ಕೊಡುವ ಬೀಜ ಜೀವಂತವಾಗಿರಬೇಕು. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೆಲದಿನ ಇಟ್ಟು ನೋಡಿರಿ. ಏಳೆಂಟು ಮೊಳೆತರೆ ಕೊಡಬಹುದು, ನಾಲ್ಕೇ ಮೊಳೆತರೆ ಕೊಡಬೇಡಿರಿ. ಸತ್ತ ಬೀಜವನ್ನು ದಾನ ಮಾಡಿದರೆ ಪಡೆದವನ ಉತ್ಸಾಹವೂ ಸಾಯುತ್ತದೆ. ಹೈಬ್ರಿಡ್ ಗಿಡದ ಬೀಜ ಮರುವರ್ಷ ತಾಯಿಯ ಗುಣವನ್ನೇ ತೋರುವುದೆಂಬ ಭರವಸೆಯಿಲ್ಲ, ಆದುದರಿಂದ ವಿನಿಮಯಕ್ಕೆ ನಾಟಿ ಬೀಜವೇ ಮೇಲು. ಪೊಟ್ಟಣದ ಮೇಲೆ ಬೆಳೆಯ ಹೆಸರು, ಬಿಡಿಸಿದ ತಿಂಗಳು, ಯಾವ ಊರಿನದು ಎಂಬುದನ್ನು ಬರೆಯಬೇಕು. ವಿಜ್ಞಾನಿಗಳ ನೆರವೂ ದೂರವಿಲ್ಲ. ಪೀಣ್ಯದಿಂದ ಆಚೆಗೆ ಹೋದರೆ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ. ಅರ್ಕಾವತಿಯ ಹೆಸರಿನಲ್ಲಿ ಅರ್ಕಾ ಅನಾಮಿಕಾ ಎಂಬ ಬೆಂಡೆ, ಅರ್ಕಾ ವಿಕಾಸ್ ಎಂಬ ಟೊಮೆಟೊ ಮುಂತಾದ ತಳಿಗಳನ್ನು ರೈತರಿಗೆ ಕೊಟ್ಟವರು ಅವರೇ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿಮೇಳವನ್ನು ಕಾರ್ಯಕರ್ತರು ಒಮ್ಮೆ ನೋಡಿಬಂದರೆ ಅರ್ಧ ಪಾಠ ಅಲ್ಲಿಯೇ ಆಗುತ್ತದೆ.

ನಾಲ್ಕನೆಯದು ಮಣ್ಣು ಮತ್ತು ನೀರು. ಇದನ್ನು ಕೈಗಾರಿಕಾ ಪ್ರದೇಶದ ಭಕ್ತರು ವಿಶೇಷವಾಗಿ ಗಮನಿಸಬೇಕು. ಪೀಣ್ಯದ ಅಂತರ್ಜಲದಲ್ಲಿ ಲೋಹ ಲೇಪನದ ಕಾರ್ಖಾನೆಗಳಿಂದ ಬಂದ ಕ್ರೋಮಿಯಂ ವಿಷ ಸೇರಿರುವುದು ಪರೀಕ್ಷೆಗಳಿಂದ ತಿಳಿದಿದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಯನ್ನು ತಾವೆಲ್ಲ ಚಿತ್ರಗಳಲ್ಲಿ ಕಂಡಿದ್ದೀರಿ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿಯೇ ಹತ್ತಿತು. ಅಂಥ ನೀರನ್ನು ಕುಡಿದ ಸೊಪ್ಪು ಹಸಿರಾಗಿ ಕಂಡರೂ ಅನ್ನವಲ್ಲ. ಸೊಪ್ಪುಗಳು ಭಾರವಾದ ಲೋಹಗಳನ್ನು ಬೇಗ ಹೀರುತ್ತವೆ. ಆದುದರಿಂದ ಕಾರ್ಖಾನೆಯ ಪಕ್ಕದ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಉಪಯೋಗಿಸಬಾರದು. ಮಳೆನೀರನ್ನು ಹಿಡಿದಿಡಿರಿ. ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮನಾಗಿ ಬೆರೆಸಿ ಕುಂಡಗಳಿಗೆ ತುಂಬಿರಿ. ತಾರಸಿಯ ಮೇಲೆ ಮಣ್ಣನ್ನೇ ಸುರಿಯುವ ಸಾಹಸ ಬೇಡ. ಒಂದು ಘನ ಮೀಟರ್ ಹಸಿ ಮಣ್ಣು ಒಂದೂವರೆ ಟನ್ನಿಗೂ ಮೀರಿ ತೂಗುತ್ತದೆ.

ಗೊಬ್ಬರದ ಮಾತು ಬಂದುದರಿಂದ ಒಂದು ಧರ್ಮಸೂಕ್ಷ್ಮವನ್ನು ಹೇಳಬೇಕು. ಬೆಂಗಳೂರಿನ ಕಸ ಎಲ್ಲಿಗೆ ಹೋಯಿತು? ಮಾವಳ್ಳಿಪುರಕ್ಕೆ ಹೋಯಿತು, ಮಂಡೂರಿಗೆ ಹೋಯಿತು. ಮಂಡೂರಿನ ಗ್ರಾಮಸ್ಥರು ನೊಣ, ದುರ್ವಾಸನೆ, ಕೆಟ್ಟ ನೀರುಗಳನ್ನು ವರ್ಷಗಟ್ಟಲೆ ಉಂಡು, ಬೀದಿಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಮರುವರ್ಷ, 2015ರ ಡಿಸೆಂಬರಿನಲ್ಲಿ, ಮನೆಮನೆಯಲ್ಲೂ ಎರಡು ಬುಟ್ಟಿ ಒಂದು ಚೀಲವಿಟ್ಟು ಕಸವನ್ನು ಬೇರ್ಪಡಿಸಬೇಕೆಂದು ಹೈಕೋರ್ಟ್ ಆದೇಶಿಸಿತು. ನಮ್ಮ ಮನೆಯ ಸಿಪ್ಪೆ ಇನ್ನೊಬ್ಬರ ಊರಿನ ಕಾಯಿಲೆಯಾಗುವುದು ಅಧರ್ಮ. ಅದೇ ಸಿಪ್ಪೆಯನ್ನು ತೂತಿರುವ ಮಣ್ಣಿನ ಮಡಕೆಯಲ್ಲಿ ತರಗೆಲೆಯ ಜೊತೆ ಪದರ ಪದರವಾಗಿ ಹಾಕಿ, ಆಗಾಗ ಕೆದಕಿದರೆ ಎರಡು ತಿಂಗಳ ಸುಮಾರಿಗೆ ಕಪ್ಪು ಗೊಬ್ಬರವಾಗುತ್ತದೆ. ಮೇಳದಲ್ಲಿ ಈ ಪಾಠಕ್ಕೆ ನಡುಮನೆಯ ಸ್ಥಾನವಿರಬೇಕು. ಮೇಳ ಮುಗಿದ ಸಂಜೆ ಆ ಮೈದಾನದಲ್ಲಿ ಪ್ಲಾಸ್ಟಿಕ್ ಲೋಟಗಳು ಬಿದ್ದಿದ್ದರೆ ಹಗಲಿಡೀ ಹೇಳಿದ ಪಾಠ ಸುಳ್ಳಾಗುತ್ತದೆ.

ಐದನೆಯ ಮಾತು ಎಲ್ಲಕ್ಕಿಂತ ಮುಖ್ಯ. ಆ ಎತ್ತರದ ಕಟ್ಟಡಗಳ ಬಾಗಿಲು ಕಾಯುವವರು, ನೆಲ ಒರೆಸುವವರು, ಗಿಡಕ್ಕೆ ನೀರು ಹಾಕುವವರು ಯಾರು? ಮಾತಾಡಿಸಿ ನೋಡಿರಿ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಮಳೆ ಕೈಕೊಟ್ಟು ಗುಳೆ ಬಂದವರು ಅವರಲ್ಲಿ ಎಷ್ಟೋ ಜನ. ಜೋಳ, ತೊಗರಿ ಬೆಳೆದ ಕೈಗಳವು. ಮೇಳದ ದಿನ ಅವರಿಂದ ಶಾಮಿಯಾನ ಹಾಕಿಸಿ, ಕುರ್ಚಿ ಹೊರಿಸಿ, ಸಂಜೆ ಮೈದಾನ ಗುಡಿಸಲು ಹೇಳಿ, ನಾವು ಸ್ವಯಂಸೇವಕರೆಂಬ ಬಿಲ್ಲೆ ಹಚ್ಚಿಕೊಂಡು ಓಡಾಡಿದರೆ ಅದು ಸೇವೆಯಲ್ಲ, ಸೇವೆಯ ವೇಷ. ಅವರನ್ನು ಗುರುಪೀಠದಲ್ಲಿ ಕೂರಿಸಿರಿ. ಸಸಿ ಕಿತ್ತು ನಾಟಿ ಮಾಡುವುದನ್ನು, ಬೀಜ ಕಾಪಿಡುವುದನ್ನು ಅವರೇ ಹೇಳಲಿ, ಇಂಜಿನಿಯರುಗಳು ಕೆಳಗೆ ಕೂತು ಕೇಳಲಿ. ಆ ದಿನದ ಕೂಲಿ ಅವರಿಗೆ ತಪ್ಪದಿರಲಿ. ದಿನಗೂಲಿಯವರಿಂದ ಪುಕ್ಕಟೆ ಸೇವೆ ಬೇಡುವುದು ಅನ್ಯಾಯ. ಗುಡಿಸುವ ಪೊರಕೆಯನ್ನು ಬಿಲ್ಲೆ ಹಚ್ಚಿಕೊಂಡವರು ಹಿಡಿಯಲಿ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ಶರಣರು ಸಾರಿ ಎಂಟುನೂರು ವರ್ಷಗಳು ಮೀರಿದವು. ಅದು ಆಚರಣೆಗೆ ಬರುವುದು ಇಂಥ ಸಣ್ಣ ಸಂದರ್ಭಗಳಲ್ಲಿಯೇ.

ಮೇಳಗಳು ಒಂದೆರಡು ವರ್ಷ ನಡೆದು ಸೊರಗುವುದೇಕೆಂದೂ ವಿಚಾರಿಸಬೇಕು. ಮೊದಲ ವರ್ಷ ಬೀಜದ ಮಳಿಗೆ ಹತ್ತಿದ್ದರೆ, ಮೂರನೆಯ ವರ್ಷಕ್ಕೆ ಸೀರೆ, ಸರ, ಐಸ್‌ಕ್ರೀಮಿನ ಮಳಿಗೆ ಇಪ್ಪತ್ತಾಗುತ್ತವೆ. ಬಾಡಿಗೆ ಹೆಚ್ಚು ಬರುತ್ತದೆಂಬ ಆಸೆ. ಆಗ ಅದು ಸಂತೆ, ಮೇಳವಲ್ಲ. ವ್ಯಾಪಾರ ಪಾಪವಲ್ಲ, ನರ್ಸರಿಯವರೂ ಬದುಕಬೇಕು. ಆದರೆ ಮಾರುವ ಜಾಗ ಕೊಡುವ ಜಾಗವನ್ನು ನುಂಗಬಾರದು. ಬೀಜ ವಿನಿಮಯದ ಚಪ್ಪರ ಬಾಗಿಲಿಗೆ ಎದುರಾಗಿರಲಿ, ಅದಕ್ಕೆ ಬಾಡಿಗೆ ಬೇಡ, ಕೊಡುವುದಕ್ಕೆ ಏನೂ ಇಲ್ಲದೆ ಬಂದವನೂ ಒಂದು ಹಿಡಿ ಬೀಜ ಒಯ್ಯಲಿ. ಮುಂದಿನ ವರ್ಷ ಎರಡು ಹಿಡಿ ತರುತ್ತೇನೆಂಬ ಮಾತಷ್ಟೇ ಅವನಿಂದ ಪಡೆಯಿರಿ.

ಆಯ್ದಕ್ಕಿ ಮಾರಯ್ಯನವರ ಕಥೆ ತಮಗೆಲ್ಲ ತಿಳಿದದ್ದೇ. ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಸತಿ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಬೀಜದ ವಿಷಯದಲ್ಲಿ ಈ ನೀತಿಗೆ ಒಂದು ಹೊಸ ಬೆಳಕಿದೆ. ಒಂದು ಸೋರೆಕಾಯಿ ಒಣಗಿಸಿದರೆ ನೂರಾರು ಬೀಜ. ಒಂದು ಮನೆಗೆ ಬೇಕಾದದ್ದು ನಾಲ್ಕು. ಉಳಿದುದನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೂರು-ನಾಲ್ಕು ವರ್ಷಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಹಂಚಿದರೆ ನೂರು ಮನೆಗಳ ಚಪ್ಪರಕ್ಕೆ ಹಬ್ಬುತ್ತದೆ. ನಿಮ್ಮ ಬಳ್ಳಿ ಒಣಗಿದ ವರ್ಷ ಅದೇ ಬೀಜ ನೆರೆಮನೆಯಿಂದ ನಿಮಗೆ ಮರಳುತ್ತದೆ. ಹಣ ಕೂಡಿಟ್ಟರೆ ಉಳಿಯಬಹುದು, ಬೀಜ ಕೊಟ್ಟರೆ ಮಾತ್ರ ಉಳಿಯುತ್ತದೆ. ದಾಸೋಹವೆಂಬುದು ಇದೇ ಅಲ್ಲವೆ?

ಹಳ್ಳಿಯಲ್ಲಿರುವ ಹಿರಿಯರಿಗೆ ನಮ್ಮದೊಂದು ಅಪ್ಪಣೆಯಿದೆ. ಮುಂದಿನ ಸಲ ಬೆಂಗಳೂರಿನ ಮಗನ ಮನೆಗೆ ಹೋಗುವಾಗ ರಾಗಿಹಿಟ್ಟು, ತುಪ್ಪಗಳ ಜೊತೆಗೆ ಮೂರು ಬಗೆಯ ನಾಟಿ ಬೀಜವನ್ನು ಚೀಟಿ ಬರೆದು ಒಯ್ಯಿರಿ. ಮೊಮ್ಮಕ್ಕಳ ಕೈಯಿಂದಲೇ ಕುಂಡಕ್ಕೆ ಹಾಕಿಸಿರಿ. ಮೊಳಕೆ ಮಣ್ಣನ್ನು ಸೀಳಿ ತಲೆಯೆತ್ತಿದ ಬೆಳಿಗ್ಗೆ ಆ ಮಗು ನಿಮ್ಮ ಬಳಿಗೆ ಓಡಿಬರುತ್ತದೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿರಿ. ಬಡಾವಣೆಯ ತರುಣರೇ, ಆ ಹಿರಿಯರಿಗೆ ಮೇಳದಲ್ಲಿ ನೆರಳಿನ ಜಾಗದಲ್ಲಿ ಒಂದು ಆಸನವನ್ನು ಈಗಲೇ ಗೊತ್ತುಮಾಡಿರಿ.

ತಮ್ಮ ತಮ್ಮ ಅಂಗಳಗಳು ಹಸುರಾಗಲಿ, ಕೈಗಳು ಕೊಡುವ ಕೈಗಳಾಗಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಸನ್ಮಂಗಳವಾಗಲಿ.