ಎಂಬತ್ತೆಂಟು ದಿನ ಎಂದರೆ ಎಷ್ಟು ದಿನ?

"88 ದಿನ ಫಾರ್ಮಿನಲ್ಲಿ ಕಳೆದುಬಿಡು, ಎರಡನೇ ವರ್ಷ ಗ್ಯಾರಂಟಿ." ಆಸ್ಟ್ರೇಲಿಯಾದ ಬ್ಯಾಕ್‌ಪ್ಯಾಕರ್ ಹಾಸ್ಟೆಲುಗಳ ಅಡುಗೆಮನೆಯಲ್ಲಿ ಹೊಸಬರಿಗೆ ಮೊದಲು ಸಿಗುವ ಉಪದೇಶ ಇದೇ. ಇದರಲ್ಲಿ ಸರಿಯಾಗಿರುವುದು ಸಂಖ್ಯೆ ಮಾತ್ರ.

ನಮ್ಮವರಿಗೆ ಈ ಲೆಕ್ಕದ ತಲೆನೋವು ಹೊಸದು. 2022ರಲ್ಲಿ ಸಹಿಯಾದ ಭಾರತ–ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದ ಫಲವಾಗಿ 2024ರಲ್ಲಿ ಭಾರತೀಯರಿಗೂ ವರ್ಕ್ ಅಂಡ್ ಹಾಲಿಡೇ ವೀಸಾದ ಬಾಗಿಲು ತೆರೆಯಿತು. ಉಪವರ್ಗ 462, ವಯಸ್ಸು 18ರಿಂದ 30, ವರ್ಷಕ್ಕೆ 1,000 ಜನ, ಅದೂ ಲಾಟರಿ ಎತ್ತಿ. ಒಂದು ವರ್ಷ ಊರು ಸುತ್ತುತ್ತಾ ದುಡಿಯಬಹುದು. ಇನ್ನೊಂದು ವರ್ಷ ಬೇಕಿದ್ದರೆ ಮೊದಲ ವೀಸಾದ ಮೇಲಿರುವಾಗಲೇ ಮೂರು ತಿಂಗಳು, ಅಂದರೆ ಕನಿಷ್ಠ 88 ದಿನ, ಸರ್ಕಾರ ಗೊತ್ತುಪಡಿಸಿದ ಕೆಲಸ ಮಾಡಿರಬೇಕು. ಮೂರನೇ ವರ್ಷಕ್ಕೆ ಆರು ತಿಂಗಳು, 179 ದಿನ.

ಈ 88 ಕ್ಯಾಲೆಂಡರಿನಲ್ಲಿ ಗೀಟು ಎಳೆದು ಎಣಿಸುವ ಸಂಖ್ಯೆಯಲ್ಲ. ಅಲ್ಲಿನ ಗೃಹ ಇಲಾಖೆ ಕೇಳುವುದು ಇಷ್ಟು: ಆ ಉದ್ಯಮದಲ್ಲಿ ಪೂರ್ಣಾವಧಿ ದುಡಿಯುವವನು ಮೂರು ತಿಂಗಳಲ್ಲಿ ಎಷ್ಟು ದುಡಿಯುತ್ತಾನೋ ಅಷ್ಟನ್ನು ನೀವು ದುಡಿದಿದ್ದೀರಾ? ಸುತ್ತಮುತ್ತ ಹಬ್ಬಿರುವ ಬಹುಪಾಲು ತಪ್ಪು ತಿಳಿವಳಿಕೆ ಹುಟ್ಟುವುದು ಈ ಪ್ರಶ್ನೆಯನ್ನು ಮರೆತಾಗ.

ಭಾನುವಾರದಿಂದಲೇ ಶುರುಮಾಡೋಣ. ರಜೆಯ ದಿನ ಲೆಕ್ಕಕ್ಕೆ ಬರುವುದೇ ಇಲ್ಲ ಎಂದು ಒಬ್ಬ ಹೇಳುತ್ತಾನೆ, ಊರಲ್ಲಿದ್ದರೆ ಸಾಕು ಎಲ್ಲ ದಿನವೂ ಬರುತ್ತದೆ ಎಂದು ಇನ್ನೊಬ್ಬ. ಇಬ್ಬರದೂ ಅರ್ಧ ಸತ್ಯ. ಉತ್ತರ ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಎಂಬ ಊರನ್ನು ತೆಗೆದುಕೊಳ್ಳಿ. ಆಸ್ಟ್ರೇಲಿಯಾ ತಿನ್ನುವ ಬಾಳೆಹಣ್ಣಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬೆಳೆಯುವ ಸೀಮೆ ಅದು. ಅಲ್ಲಿನ ತೋಟವೊಂದರಲ್ಲಿ ಇಬ್ಬರು ಒಂದೇ ಸೋಮವಾರ ಕೆಲಸಕ್ಕೆ ಸೇರಿದರು ಎಂದಿಟ್ಟುಕೊಳ್ಳಿ. ಆ ಕೆಲಸದಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಏಳೂವರೆ ಗಂಟೆ ಪೂರ್ಣಾವಧಿ. ಒಬ್ಬಳು ಐದು ದಿನವೂ ಪೂರ್ತಿ ಗೊನೆ ಪ್ಯಾಕ್ ಮಾಡುತ್ತಾಳೆ. ಅವಳ ಶನಿವಾರ, ಭಾನುವಾರ ಎರಡೂ ಸೇರಿ ವಾರಕ್ಕೆ ಏಳು ದಿನ ಜಮಾ. ಹನ್ನೆರಡೂವರೆ ವಾರ ಕಳೆಯುವಷ್ಟರಲ್ಲಿ 88 ಮುಗಿಯುತ್ತದೆ. ಇನ್ನೊಬ್ಬನಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕೇ ದಿನದ ಕೆಲಸ. ಅವನಿಗೆ ವಾರಕ್ಕೆ ನಾಲ್ಕೇ ಜಮಾ, 88 ಮುಟ್ಟಲು 22 ವಾರ ಬೇಕು. ಒಂದೇ ಒಂದು ದಿನದ ಕೊರತೆಗೆ ಎರಡು ತಿಂಗಳಿಗೂ ಹೆಚ್ಚಿನ ದಂಡ! ಆದ್ದರಿಂದ ಕೆಲಸ ಒಪ್ಪಿಕೊಳ್ಳುವ ಮುಂಚೆ ಗಂಟೆಗೆ ಎಷ್ಟು ಡಾಲರ್ ಎನ್ನುವುದಕ್ಕಿಂತ ವಾರಕ್ಕೆ ಎಷ್ಟು ದಿನ ಎಂದು ಕೇಳುವುದೇ ಜಾಣತನ.

ಹಾಗಿದ್ದರೆ ಆ ನಾಲ್ಕು ದಿನದಲ್ಲೇ ಹದಿನೈದು ಗಂಟೆ ದುಡಿದು ಎಂಟು ದಿನ ಮಾಡಿಕೊಂಡರೆ? ಆಗುವುದಿಲ್ಲ. ಒಂದು ದಿನದಲ್ಲಿ ಎಷ್ಟೇ ಬೆವರು ಸುರಿಸಿದರೂ ಅದು ಒಂದೇ ದಿನ. ತಿರುಗುಮುರುಗಾಗಿ, ಆ ಉದ್ಯಮದ ರೂಢಿ ದಿನಕ್ಕೆ ಆರು ಗಂಟೆಯಾದರೆ ಆರು ಗಂಟೆಯಾದರೂ ಮಾಡಿರಬೇಕು. ಮೂರು ಗಂಟೆ ಕಳೆ ಕಿತ್ತು ವಾಪಸಾದ ಬೆಳಗನ್ನು ಪೂರ್ತಿ ದಿನವೆಂದು ಬರೆಯುವಂತಿಲ್ಲ.

ಹಣ್ಣು ಕೀಳುವ ಕೆಲಸ ಬಹಳಷ್ಟು ಕಡೆ ಗುತ್ತಿಗೆ ಲೆಕ್ಕದ್ದು; ಬಿನ್ನಿಗಿಷ್ಟು, ಬಕೆಟ್ಟಿಗಿಷ್ಟು. ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಹಣ್ಣು ಕೊಯ್ಯುವವರಿಗೆ ಕಿಲೋಗಿಷ್ಟು ಎಂದು ಕೊಟ್ಟ ಹಾಗೆಯೇ. ಇಲ್ಲಿ ಕೈ ಚುರುಕಿನವರಿಗೆ ಕೂಲಿ ಜಾಸ್ತಿ ಸಿಗಬಹುದು, ದಿನ ಜಾಸ್ತಿ ಸಿಗುವುದಿಲ್ಲ. ಮೂರು ಬಿನ್ ತುಂಬಿಸಿದವಳಿಗೂ ಒಂದೇ ದಿನ, ಬೆಳಗಿನಿಂದ ಸಂಜೆವರೆಗೆ ಒದ್ದಾಡಿ ಒಂದು ಬಿನ್ ತುಂಬಿಸಿದವನಿಗೂ ಒಂದೇ ದಿನ. ಈ ಎರಡನೆಯವನಿಗೆ 2022ರ ಏಪ್ರಿಲ್ 28ರಿಂದ ಇನ್ನೊಂದು ಆಸರೆಯೂ ಇದೆ. ತೋಟಗಾರಿಕೆ ಕೆಲಸದ ವೇತನ ನಿಯಮಾವಳಿಗೆ ಅಂದಿನಿಂದ ಕನಿಷ್ಠ ಕೂಲಿಯ ಖಾತರಿ ಸೇರಿದೆ. ಎಷ್ಟೇ ನಿಧಾನವಾಗಿ ಕಿತ್ತರೂ ಮಾಡಿದ ಗಂಟೆಗೆ ಕನಿಷ್ಠ ದರ ಕೊಡಲೇಬೇಕು, ಹಾಗೆ ಕೊಡಲು ಮಾಲೀಕರು ಗುತ್ತಿಗೆಯವರ ಗಂಟೆಯನ್ನೂ ಬರೆದಿಡಬೇಕು. ಹೊಟ್ಟೆಪಾಡಿಗೆಂದು ಬಂದ ನಿಯಮ, ವೀಸಾ ಲೆಕ್ಕಕ್ಕೂ ದಾಖಲೆ ಒದಗಿಸಿಕೊಟ್ಟಿತು.

ಕಾಯಿಲೆ, ಮಳೆ, ಹಬ್ಬದ ರಜೆಗಳ ವಿಷಯ ಸ್ವಲ್ಪ ನವಿರು. ಸಂಬಳ ಸಹಿತ ರಜೆಯ ಹಕ್ಕಿದ್ದವರು ಜ್ವರ ಬಂದು ಮಲಗಿದರೆ ಆ ದಿನವೂ ಜಮಾ. ಇದನ್ನು ಕೇಳಿ ಎಲ್ಲರೂ ನಿಶ್ಚಿಂತರಾಗುತ್ತಾರೆ, ಆದರೆ ತೋಟಗಳಲ್ಲಿ ದುಡಿಯುವ ಬ್ಯಾಕ್‌ಪ್ಯಾಕರುಗಳಲ್ಲಿ ಹೆಚ್ಚಿನವರು 'ಕ್ಯಾಶುವಲ್'. ಅವರಿಗೆ ರಜೆಯ ಬದಲಿಗೇ ಗಂಟೆಯ ಕೂಲಿಯ ಮೇಲೆ ನೂರಕ್ಕೆ 25ರಷ್ಟು ಸೇರಿಸಿ ಕೊಡುತ್ತಾರೆ. ಸಂಬಳದ ಕಾಯಿಲೆ ರಜೆ ಅವರಿಗಿಲ್ಲ. ಹಾಗಾಗಿ ಅವರ ಜ್ವರದ ದಿನ ಅವರ ಖಾತೆಯಿಂದಲೇ ಹೋಗುತ್ತದೆ. ಮಳೆಯದೂ ಅದೇ ಕಥೆ. ಟಲ್ಲಿಯ ನಡುವೆ 7.9 ಮೀಟರ್ ಎತ್ತರದ, ಬಂಗಾರದ ಬಣ್ಣದ ದೈತ್ಯ ಗಂಬೂಟೊಂದು ನಿಂತಿದೆ. 1950ರಲ್ಲಿ ಆ ಊರಿಗೆ ಬಿದ್ದ ಮಳೆಯ ಎತ್ತರ ಅದು. ಅಂಥ ಕಡೆ ನೆರೆ ಬಂದು ತೋಟದ ದಾರಿ ಮುಚ್ಚಿದರೆ, ಸಂಬಳವಿಲ್ಲದೆ ಹಾಸ್ಟೆಲಿನಲ್ಲಿ ಇಸ್ಪೀಟಾಡಿದ ದಿನಗಳನ್ನು ಎಣಿಸಿಕೊಳ್ಳಬೇಡಿ. ಅಂಥ ವಾರದಲ್ಲಿ ಶನಿವಾರ, ಭಾನುವಾರವನ್ನೂ ಸೇರಿಸದೆ, ಕೆಲಸ ಮಾಡಿದ ದಿನಗಳನ್ನಷ್ಟೇ ಹಿಡಿಯುವುದು ಕ್ಷೇಮ. ಲೆಕ್ಕ 88ಕ್ಕೆ ಸರಿಯಾಗಿ ನಿಲ್ಲುವಂತೆ ಊರು ಬಿಡುವುದಕ್ಕಿಂತ ಒಂದೆರಡು ವಾರ ಹೆಚ್ಚೇ ಇಟ್ಟುಕೊಳ್ಳುವುದು ಲೇಸು ಎನ್ನುವುದು ಇದಕ್ಕೇ. ಮೂರು ತಿಂಗಳು ಒಂದೇ ಸಮನೆ, ಒಬ್ಬನೇ ಮಾಲೀಕನ ಹತ್ತಿರ ದುಡಿಯಬೇಕೆಂಬ ನಂಬಿಕೆಯೂ ಇದೆ. ಅದಕ್ಕೆ ಬುಡವಿಲ್ಲ. ಮೇನಲ್ಲಿ ಒಂದು ತಿಂಗಳು ಇಲ್ಲಿ, ಸೆಪ್ಟೆಂಬರಿನಲ್ಲಿ ಇನ್ನೆಲ್ಲೋ ಎಂದು ತುಂಡು ತುಂಡಾಗಿ ಕೂಡಿಸಬಹುದು.

ಇನ್ನು ದಿನಕ್ಕಿಂತ ದೊಡ್ಡ ಗೊಂದಲ, ಕೆಲಸ ಮತ್ತು ಜಾಗದ್ದು. ಫಾರ್ಮಿನ ಬೇಲಿಯೊಳಗೆ ಮಾಡಿದ್ದೆಲ್ಲ ಫಾರ್ಮ್ ಕೆಲಸವಲ್ಲ. ತೋಟದ ಮನೆಯಲ್ಲಿ ಮಾಲೀಕರ ಮಗುವನ್ನು ನೋಡಿಕೊಳ್ಳುವ ಆಯಾ ಕೃಷಿಯ ಲೆಕ್ಕಕ್ಕೆ ಬರುವುದಿಲ್ಲ. ಶೆಡ್ಡಿನಲ್ಲಿ ಹಣ್ಣು ಪ್ಯಾಕ್ ಮಾಡುವವರು ಬರುತ್ತಾರೆ. ಕಸಾಯಿಖಾನೆಯ ಕೆಲಸ ಸೇರುತ್ತದೆ, ಪೇಟೆಯ ಮಾಂಸದಂಗಡಿಯ ಕೆಲಸ ಸೇರುವುದಿಲ್ಲ. ಮತ್ತೊಂದು ಕಡೆ, ಫಾರ್ಮಿಗೇ ಹೋಗಬೇಕೆಂಬ ಹಟವೂ ಬೇಡ. 462ರವರಿಗೆ ಉತ್ತರ ಆಸ್ಟ್ರೇಲಿಯಾದ ಪ್ರವಾಸೋದ್ಯಮ, ಹೋಟೆಲ್ ಕೆಲಸವೂ ನಡೆಯುತ್ತದೆ. ಕೇರ್ನ್ಸ್‌ನ ಕೆಫೆಯಲ್ಲಿ ಕಾಫಿ ಮಾಡಿದ ದಿನ ಜಮಾ, ಅದೇ ಕಾಫಿಯನ್ನು ಬ್ರಿಸ್ಬೇನಿನಲ್ಲಿ ಮಾಡಿದರೆ ಸೊನ್ನೆ. ಇಲ್ಲಿ ನೋಡುವುದು ಕೆಲಸ ನಡೆದ ಸ್ಥಳದ ಪೋಸ್ಟ್‌ಕೋಡ್. ನೀವು ಮಲಗುವ ಹಾಸ್ಟೆಲಿನದಲ್ಲ, ಕಂಪನಿಯ ಮುಖ್ಯ ಕಚೇರಿಯದೂ ಅಲ್ಲ. ಪ್ರತಿ ಉದ್ಯಮಕ್ಕೂ ಪೋಸ್ಟ್‌ಕೋಡ್‌ಗಳ ಬೇರೆ ಬೇರೆ ಪಟ್ಟಿ ಇರುವುದರಿಂದ, ಒಂದು ಊರು ಕೃಷಿಗೆ ಸಲ್ಲುತ್ತದೆ ಎಂದ ಮಾತ್ರಕ್ಕೆ ಹೋಟೆಲಿಗೂ ಸಲ್ಲಬೇಕೆಂದಿಲ್ಲ.

ಪಕ್ಕದ ಮಂಚದವನ ಸಲಹೆ ದಾರಿ ತಪ್ಪಿಸುವುದು ಇಲ್ಲೇ. ಅವನು ಐರ್ಲೆಂಡಿನವನೋ ಫ್ರಾನ್ಸಿನವನೋ ಆದರೆ ಅವನ ಕೈಯಲ್ಲಿರುವುದು 417ನೇ ಉಪವರ್ಗದ ವರ್ಕಿಂಗ್ ಹಾಲಿಡೇ ವೀಸಾ. ಹೆಸರು ಅಣ್ಣತಮ್ಮಂದಿರಂತೆ ಕೇಳಿಸಿದರೂ ಕಾನೂನು ಬೇರೆ. ಕಾಲ್‌ಗೂರ್ಲಿಯ ಚಿನ್ನದ ಗಣಿಯಲ್ಲಿ ಅವನು ದುಡಿದ ದಿನಗಳು ಅವನಿಗೆ ಸಲ್ಲುತ್ತವೆ. 462ರ ಪಟ್ಟಿಯಲ್ಲಿ ಗಣಿಗಾರಿಕೆ ಇಲ್ಲವೇ ಇಲ್ಲ. ಬ್ರಿಟನ್ನಿನವನಾದರೆ ಮಾತೇ ಮುಗಿಯಿತು. 2024ರ ಜುಲೈ 1ರಿಂದ ಅವರಿಗೆ ಒಂದು ದಿನವೂ ಇಂಥ ಕೆಲಸ ಮಾಡದೆ ಮೂರು ವೀಸಾ ಪಡೆಯುವ ಅವಕಾಶವಿದೆ. ಅವನು "ಅದೆಲ್ಲ ಈಗ ತೆಗೆದುಹಾಕಿದ್ದಾರೆ ಕಣೋ" ಎಂದರೆ ಸುಳ್ಳು ಹೇಳುತ್ತಿಲ್ಲ, ತನ್ನ ಪಾಸ್‌ಪೋರ್ಟಿನ ಕಥೆ ಹೇಳುತ್ತಿದ್ದಾನೆ ಅಷ್ಟೆ.

ಊಟ, ವಸತಿ ಕೊಟ್ಟರೆ ಸಾಕು, ಸಂಬಳವಿಲ್ಲದೆಯೂ ದಿನ ಸಿಗುತ್ತದೆ ಎಂಬುದು ಹಳೆಯ ಕಾಲದ ಉಳಿಕೆ. ಒಂದು ಕಾಲಕ್ಕೆ ಸಾವಯವ ತೋಟಗಳಲ್ಲಿ ಹಾಗೆ ಸ್ವಯಂಸೇವೆ ಮಾಡಿದ ದಿನಗಳು ಸಲ್ಲುತ್ತಿದ್ದುದು ನಿಜ. 2015ರ ಡಿಸೆಂಬರ್ 1ರಿಂದ ಅದು ನಿಂತಿದೆ. ಈಗ ಕಾನೂನುಬದ್ಧ ಕೂಲಿ ಸಂದ ಕೆಲಸಕ್ಕೆ ಮಾತ್ರ ಬೆಲೆ. ಆದರೆ "ಬಿಟ್ಟಿ ದುಡಿ, ದಿನಗಳ ಲೆಕ್ಕದ ನಮೂನೆಗೆ ಸಹಿ ಹಾಕಿಕೊಡುತ್ತೇನೆ" ಎನ್ನುವವರು ಇಂದಿಗೂ ಇಲ್ಲದಿಲ್ಲ. ಸಹಿಯ ಮೇಲಿನ ಈ ಹಿಡಿತ ಎಷ್ಟು ಕೆಡುಕು ಮಾಡಿದೆ ಎಂಬುದು ಅಲ್ಲಿನ ಕಾರ್ಮಿಕ ಹಕ್ಕುಗಳ ಸಂಸ್ಥೆ ಫೇರ್ ವರ್ಕ್ ಓಂಬುಡ್ಸ್‌ಮನ್ 2016ರಲ್ಲಿ ಕೊಟ್ಟ ವರದಿಯಲ್ಲಿ ದಾಖಲಾಗಿದೆ. ಆಗ ಅದು ಮಾತಾಡಿಸಿದ್ದು 417 ವೀಸಾದ 4,000ಕ್ಕೂ ಹೆಚ್ಚು ಮಂದಿಯನ್ನು. ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಕನಿಷ್ಠ ಕೂಲಿಯೂ ಸಿಗಲಿಲ್ಲವೆಂದರು. ನೂರಕ್ಕೆ 14 ಮಂದಿ ಕೆಲಸ ಸಿಗಲೆಂದು ಮುಂಗಡ ಹಣ ಕೊಟ್ಟಿದ್ದರು. ನೂರಕ್ಕೆ 6 ಮಂದಿ ಸಹಿಗೇ ದುಡ್ಡು ತೆತ್ತಿದ್ದರು. ಮಾಲೀಕನ ಸಹಿಗಿಂತ ನಿಮ್ಮ ಕೈಯಲ್ಲಿರುವ ಕಾಗದ ಹೆಚ್ಚು ಮಾತಾಡುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಆ ಕಾಗದ ಎಂದರೆ ಪೇಸ್ಲಿಪ್. ಸಂಬಳವಾದ ಒಂದು ಕೆಲಸದ ದಿನದೊಳಗೆ ಅದನ್ನು ಕೊಡುವುದು ಆಸ್ಟ್ರೇಲಿಯಾದಲ್ಲಿ ಮಾಲೀಕರ ಕರ್ತವ್ಯ, ಕೃಪೆಯಲ್ಲ. ಕೈಗೆ ಬಂದ ಕೂಡಲೇ ನೋಡಬೇಕಾದದ್ದು: ನಿಮ್ಮ ಹೆಸರು, ಮಾಲೀಕರ ಹೆಸರು ಮತ್ತು ವ್ಯಾಪಾರ ಸಂಖ್ಯೆ, ಯಾವ ತಾರೀಕಿನಿಂದ ಯಾವ ತಾರೀಕಿಗೆ, ಎಷ್ಟು ಗಂಟೆ, ಎಷ್ಟು ಕಡಿತ. ಅದಕ್ಕೆ ಹೊಂದುವ ಮೊತ್ತ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು. ನಗದಿನಲ್ಲಿ ಕೊಟ್ಟು ಕಾಗದ ಕೊಡದಿದ್ದರೆ ಅಲ್ಲೇ ಎಚ್ಚೆತ್ತುಕೊಳ್ಳಿ. ಆ ದಿನಗಳನ್ನು ಆಮೇಲೆ ಸಾಬೀತು ಮಾಡಲು ನೀವು ಪಡುವ ಪಾಡು ಬಾಳೆಗೊನೆ ಹೊರುವುದಕ್ಕಿಂತ ಭಾರ. ದುಡ್ಡು ಕೊಟ್ಟು ದಿನ ಕೊಂಡವರಂತೂ ಸುಳ್ಳು ಮಾಹಿತಿ ಕೊಟ್ಟವರಾಗುತ್ತಾರೆ. ಅರ್ಜಿ ತಿರಸ್ಕಾರವಾಗಬಹುದು, ಕೈಯಲ್ಲಿರುವ ವೀಸಾವೂ ರದ್ದಾಗಬಹುದು.

ಉಳಿದದ್ದು ಚಿಲ್ಲರೆ. ಮೊದಲ ವರ್ಷ 120 ದಿನ ಮಾಡಿದ್ದೇನೆ, ಹೆಚ್ಚಿನ 32 ದಿನವನ್ನು ಮೂರನೇ ವೀಸಾಕ್ಕೆ ಹಾಕಿಕೊಳ್ಳುತ್ತೇನೆ ಎಂದರೆ ನಡೆಯದು. ಆ 179 ದಿನವನ್ನು ಎರಡನೇ ವೀಸಾ ಬಂದ ಮೇಲೆ ಹೊಸದಾಗಿ ಎಣಿಸಬೇಕು. 88 ಮುಗಿಯಿತೆಂದು ವೀಸಾ ತಾನಾಗಿ ಉದ್ದವಾಗುವುದೂ ಇಲ್ಲ. ಅದು ಹೊಸ ಅರ್ಜಿ, ಹೊಸ ಶುಲ್ಕ, ಹೊಸ ಪರಿಶೀಲನೆ. ಆದರೆ ಲಾಟರಿ ಮೊದಲ ವೀಸಾಕ್ಕೆ ಮಾತ್ರ. ದಿನ ಪೂರೈಸಿ ಹಾಸನಕ್ಕೋ ಹುಬ್ಬಳ್ಳಿಗೋ ವಾಪಸಾದವರು ಒಂದೆರಡು ವರ್ಷ ಊರಲ್ಲೇ ಇದ್ದು, ಅಲ್ಲಿಂದಲೇ ಎರಡನೆಯದಕ್ಕೆ ಅರ್ಜಿ ಹಾಕಬಹುದು. ವಯಸ್ಸು ನೋಡುವುದು ಅರ್ಜಿ ಹಾಕುವ ದಿನ. 31 ತುಂಬುವ ಹಿಂದಿನ ದಿನ ಹಾಕಿದರೂ ಆಗುತ್ತದೆ.