ನಾಲ್ಕು ರಸ್ತೆ ಕೂಡುವಲ್ಲಿ ಚತುರ್ಮುಖ

ಬ್ಯಾಂಕಾಕಿನಲ್ಲಿ ಬೆಳಗಿನ ಹೊತ್ತು ರಸ್ತೆಯನ್ನು ನೆಚ್ಚಬಾರದು, ನದಿಯನ್ನು ನೆಚ್ಚಬೇಕು. ಎಂಟು ಗಂಟೆಯಾಗುತ್ತಿದ್ದಂತೆ ಸುಖುಮ್‌ವಿತ್, ಸಿಲೋಮ್ ಕಡೆ ಕಾರುಗಳು ಮಿಸುಕದೆ ನಿಂತುಬಿಡುತ್ತವೆ. ಚಾವೊ ಫ್ರಾಯ ನದಿಯ ದೋಣಿಗಳಿಗೆ ಆ ತಾಪತ್ರಯವಿಲ್ಲ. ಹಾಗಾಗಿ ನನ್ನ ಮೊದಲ ದಿನದ ಓಡಾಟವನ್ನು ಸಾಥೋನ್ ದೋಣಿಕಟ್ಟೆಯಿಂದ ಶುರು ಮಾಡಿದೆ. ಕಿತ್ತಳೆ ಬಾವುಟದ ದೋಣಿ ಹತ್ತಿದರೆ ಎಲ್ಲಿಳಿದರೂ ಒಂದೇ ದರ, 16 ಬಾತ್. ಕಂಡಕ್ಟರ್ ಹೆಂಗಸು ಉದ್ದನೆಯ ತಗಡಿನ ಡಬ್ಬಿಯಲ್ಲಿ ಚಿಲ್ಲರೆಯನ್ನು ಗಲಗಲ ಆಡಿಸುತ್ತಾ ಬರುತ್ತಾಳೆ. ಹಿಂಬದಿಯಲ್ಲಿ ನಿಂತವನು ಸೀಟಿ ಊದಿ ಊದಿಯೇ ಚಾಲಕನಿಗೆ ದಡದ ಲೆಕ್ಕ ಹೇಳುತ್ತಾನೆ. ದೋಣಿ ಕಟ್ಟೆಗೆ ತಾಗಿ ನಿಲ್ಲುವುದು ಅರೆಗಳಿಗೆ ಮಾತ್ರ. ಇಳಿಯುವವರು ಮೊದಲೇ ಅಂಚಿಗೆ ಬಂದು ನಿಂತಿರಬೇಕು. ಅಷ್ಟು ನೂಕುನುಗ್ಗಲಿನಲ್ಲೂ ಭಿಕ್ಷುಗಳಿಗೆ ನಿಲ್ಲಲು ಬೇರೆಯೇ ಜಾಗ ಬಿಟ್ಟಿರುತ್ತಾರೆ.

ಪಕ್ಕದಲ್ಲಿ ಅಬ್ಬರಿಸಿಕೊಂಡು ಹೋಗುವ ಉದ್ದ ಬಾಲದ ಸಣ್ಣ ದೋಣಿಗಳನ್ನು ನೋಡಿ. ಒಂದೊಂದರ ಮೂತಿಗೂ ಬಣ್ಣದ ಬಟ್ಟೆ ಸುತ್ತಿ ಹೂಮಾಲೆ ಹಾಕಿದ್ದಾರೆ. ದೋಣಿಯನ್ನು ಕಾಯುವ ದೇವಿ ಅಲ್ಲೇ ಇದ್ದಾಳೆಂಬ ನಂಬಿಕೆ. ಆ ಹೂವೆಲ್ಲ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಪಾಕ್ ಖ್ಲೋಂಗ್ ತಲಾತ್‌ನಲ್ಲಿ ಇಳಿಯಬೇಕು.

ಇದು ಬ್ಯಾಂಕಾಕಿನ ಹೂವಿನ ಪೇಟೆ, ಹಗಲೂ ರಾತ್ರಿಯೂ ತೆರೆದಿರುತ್ತದೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ನಿಂತವರಿಗೆ ಇಲ್ಲಿನ ಗದ್ದಲ, ನೆಲದ ತೇವ, ತಲೆ ಮೇಲೆ ಮೂಟೆ ಹೊತ್ತು ನುಗ್ಗುವವರು ಹೊಸತಲ್ಲ. ಹೊಸತು ಹೂ ಕಟ್ಟುವ ಬಗೆ. ನಾರಿನಲ್ಲಿ ಗಂಟು ಹಾಕುವುದಿಲ್ಲ. ಮೊಳದುದ್ದದ ಉಕ್ಕಿನ ಸೂಜಿಗೆ ಮಲ್ಲಿಗೆ ಮೊಗ್ಗನ್ನು ಸುತ್ತ ಸುತ್ತ ಪೋಣಿಸಿ, ಬಳೆಯಂತೆ ಬಾಗಿಸಿ, ತುದಿಗೆ ಗೊಂಡೆ ಇಳಿಬಿಡುತ್ತಾರೆ. ಚೆಂಡುಹೂ ರಾಶಿ ರಾಶಿ. ತಾವರೆಯ ಎಸಳುಗಳನ್ನು ಒಂದೊಂದಾಗಿ ಒಳಗೆ ಮಡಚಿ ಮೊಗ್ಗನ್ನು ಬೇರೆಯೇ ಹೂವಾಗಿಸುವ ಮುದುಕಿಯ ಕೈಚಳಕ ನೋಡುತ್ತಾ ಬಹಳ ಹೊತ್ತು ನಿಂತೆ. ನಮ್ಮಲ್ಲಿ ಹನುಮಂತನಿಗೆ ಏರಿಸುವ ಎಕ್ಕದ ಹೂ ಇಲ್ಲಿ ಮದುವೆಯ ಹಾರಕ್ಕೂ ಸಲ್ಲುತ್ತದೆ.

ಅಲ್ಲಿಂದ ವಾಟ್ ಫೋ ಬೌದ್ಧ ಮಂದಿರ ನಡೆದೇ ಹೋಗುವಷ್ಟು ಹತ್ತಿರ. ಮಲಗಿರುವ ಬುದ್ಧನ ಉದ್ದ 46 ಮೀಟರ್, ಎತ್ತರ 15 ಮೀಟರ್. ಮೂರ್ತಿಯನ್ನು ಪೂರ್ತಿ ಕಣ್ತುಂಬಿಕೊಳ್ಳಲು ಆ ಮಂದಿರದೊಳಗೆ ಜಾಗವೇ ಸಾಲದು, ಕಂಬಗಳ ನಡುವೆ ತುಂಡು ತುಂಡಾಗಿ ನೋಡಬೇಕು. ಮುತ್ತಿನ ಚಿಪ್ಪಿನಲ್ಲಿ 108 ಮಂಗಳಚಿಹ್ನೆಗಳನ್ನು ಕೂರಿಸಿದ ಅಂಗಾಲುಗಳೇ ಅದರಲ್ಲಿ ಚೆಂದ. ಬೆನ್ನ ಹಿಂದಿನ 108 ಕಂಚಿನ ಪಾತ್ರೆಗಳಿಗೆ ಭಕ್ತರು ಒಂದೊಂದೇ ನಾಣ್ಯ ಹಾಕುತ್ತಾ ಸಾಗುವ ಸದ್ದು ಮಂದಿರವಿಡೀ ಕೇಳುತ್ತಿರುತ್ತದೆ. ಪಕ್ಕದ ಅರಮನೆಯನ್ನು ಇನ್ನೊಂದು ದಿನಕ್ಕಿಟ್ಟೆ. 1782ರಲ್ಲಿ ಕಟ್ಟಲು ಶುರುಮಾಡಿದ ಆ ಆವರಣಕ್ಕೆ ಅರ್ಧ ದಿನವಾದರೂ ಬೇಕು. “ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ” ಎಂದು ನಗುನಗುತ್ತಾ ಬರುವ ಟುಕ್‌ಟುಕ್‌ನವನನ್ನು ಮಾತ್ರ ಯಾವ ದಿನವೂ ನಂಬಬೇಡಿ. ಅವನು ಕರೆದೊಯ್ಯುವುದು ಒಡವೆ ಅಂಗಡಿಗೆ.

ಮಧ್ಯಾಹ್ನದ ಊಟ ಸಸ್ಯಾಹಾರಿಗಳಿಗೆ ತೊಡಕು. ತರಕಾರಿ ಎಂದು ಹೇಳಿ ತರಿಸಿದ್ದರಲ್ಲೂ ಮೀನಿನ ಸಾರ ಇರುತ್ತದೆ. ಹಳದಿ ಬಾವುಟದಲ್ಲಿ ಕೆಂಪಕ್ಷರದ ‘ಜೇ’ ಗುರುತು ಕಂಡ ಅಂಗಡಿಗೆ ಧೈರ್ಯವಾಗಿ ನುಗ್ಗಿ. ಅಲ್ಲಿ ಮಾಂಸ, ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಊಟ ಮುಗಿಸಿ ಸಾವೊ ಚಿಂಗ್ ಚಾ ಕಡೆ ಹೊರಟೆ. ರಸ್ತೆಯ ನಡುವೆ ಸಾಗುವಾನಿಯ ಎರಡು ಕೆಂಪು ಕಂಬಗಳು ಆಕಾಶಕ್ಕೆ ನಿಂತಿವೆ. ಶಿವನ ಉತ್ಸವದಲ್ಲಿ ಯುವಕರು ಇಲ್ಲಿ ಉಯ್ಯಾಲೆ ಜೀಕಿ, ಎತ್ತರದಲ್ಲಿ ಕಟ್ಟಿದ ನಾಣ್ಯದ ಚೀಲವನ್ನು ಹಲ್ಲಿನಿಂದ ಕಚ್ಚಿ ತರುತ್ತಿದ್ದರು. 1935ರಲ್ಲಿ ಆ ಆಟ ನಿಂತಿತು. ನಿಲ್ಲದೆ ಉಳಿದಿರುವುದು ಹತ್ತಿರದ ದೇವಸಥಾನ್. ಒಂದನೇ ರಾಮ ರಾಜ 1784ರಲ್ಲಿ ಕಟ್ಟಿಸಿದ ಈ ಆವರಣದಲ್ಲಿ ಶಿವ, ಗಣೇಶ, ವಿಷ್ಣು ಮೂವರಿಗೂ ಬೇರೆ ಬೇರೆ ಗುಡಿ. ಬೌದ್ಧ ರಾಜನ ಆಸ್ಥಾನದ ಬ್ರಾಹ್ಮಣರ ನೆಲೆ ಇದು. ಪ್ರತಿ ಮೇ ತಿಂಗಳು ನಡೆಯುವ ರಾಜ ನೇಗಿಲ ಪೂಜೆಯಲ್ಲಿ ಎತ್ತುಗಳ ಮುಂದೆ ಭತ್ತ, ಮೆಕ್ಕೆಜೋಳ, ಎಳ್ಳು, ಹುಲ್ಲು, ನೀರು, ಹೆಂಡ ಎಲ್ಲ ಇಟ್ಟು, ಅವು ಯಾವುದಕ್ಕೆ ಬಾಯಿ ಹಾಕುತ್ತವೆ ಎಂಬುದರ ಮೇಲೆ ವರ್ಷದ ಮಳೆ ಬೆಳೆ ಹೇಳುವವರು ಇವರೇ.

ಇಲ್ಲಿನ ಭಕ್ತಿ ಗುಡಿಯ ಗೋಡೆಯೊಳಗೆ ಇರುವಂಥದಲ್ಲ. ಬ್ಯಾಂಕು, ಹೋಟೆಲು, ಪೆಟ್ರೋಲ್ ಬಂಕು ಯಾವುದರ ಮುಂದೆ ನೋಡಿದರೂ ಕಂಬದ ಮೇಲೊಂದು ಪುಟ್ಟ ಮನೆ. ಆ ನೆಲದ ಒಡೆಯನಾದ ದೈವ ಅದರಲ್ಲಿದ್ದಾನೆ. ಅವನಿಗೆ ದಿನವೂ ಹೂ, ಊದುಬತ್ತಿ, ಜೊತೆಗೆ ಸ್ಟ್ರಾ ಹಾಕಿಟ್ಟ ಕೆಂಪು ಫ್ಯಾಂಟಾ! ದೈವಗಳಿಗೂ ಸೆಕೆಯಾಗುತ್ತದಲ್ಲ.

ಸಂಜೆ ಮೆಟ್ರೊ ಹಿಡಿದು ಚಿತ್‌ಲೋಮ್‌ನಲ್ಲಿ ಇಳಿದೆ. ರಾಚಪ್ರಸೋಂಗ್ ಚೌಕವೆಂದರೆ ಮಾಲ್‌ಗಳ ಕೋಟೆ. ತಲೆಯ ಮೇಲೆ ರೈಲು, ಕೆಳಗೆ ಹೊಗೆಯುಗುಳುವ ವಾಹನಗಳು. ಅದರ ಒಂದು ಮೂಲೆಯಲ್ಲಿ, ಕಬ್ಬಿಣದ ಕಟಕಟೆಯೊಳಗೆ, ಚಿನ್ನದ ಬಣ್ಣದ ಚತುರ್ಮುಖ ಬ್ರಹ್ಮ ಕೂತಿದ್ದಾನೆ. ನಮ್ಮಲ್ಲಿ ಬ್ರಹ್ಮನಿಗೆ ಗುಡಿಗಳೇ ಅಪರೂಪ. ಇಲ್ಲಿ ಅವನಿಗೆ ಪುರುಸೊತ್ತೇ ಇಲ್ಲ. 1950ರ ದಶಕದಲ್ಲಿ ಎರಾವಾನ್ ಹೋಟೆಲ್ ಕಟ್ಟುವಾಗ ಒಂದರ ಮೇಲೊಂದು ವಿಘ್ನಗಳು ಬಂದವು. ಜ್ಯೋತಿಷಿಯೊಬ್ಬರು ಬ್ರಹ್ಮನನ್ನು ಪ್ರತಿಷ್ಠಾಪಿಸಲು ಹೇಳಿದರು. 1956ರ ನವೆಂಬರ್‌ನಲ್ಲಿ ಪ್ರತಿಷ್ಠೆಯಾಯಿತು. ಆ ಹಳೇ ಹೋಟೆಲನ್ನು ಕೆಡವಿ ಹೊಸದನ್ನು ಕಟ್ಟಿದ್ದಾರೆ, ಬ್ರಹ್ಮ ಕದಲಲಿಲ್ಲ.

ಕೆಲಸ ಸಿಗಲಿ, ಮಗು ಪಾಸಾಗಲಿ, ಲಾಟರಿ ಹೊಡೆಯಲಿ ಎಂದು ಇಲ್ಲಿ ಹರಕೆ ಹೊರುತ್ತಾರೆ. ಫಲಿಸಿದ ಮೇಲೆ ಬಂದು ಮರದ ಆನೆ ಒಪ್ಪಿಸುತ್ತಾರೆ, ಇಲ್ಲವೇ ಕುಣಿತದ ಸೇವೆ ಮಾಡಿಸುತ್ತಾರೆ. ಮಂಟಪದಲ್ಲಿ ಕಿರೀಟ ತೊಟ್ಟ ಹೆಂಗಸರ ತಂಡ ಸಿದ್ಧವಾಗಿ ಕೂತಿರುತ್ತದೆ. ಎಷ್ಟು ಜನ ಕುಣಿಯಬೇಕು ಎನ್ನುವುದರ ಮೇಲೆ ದರ. ನಾನು ಹೋದಾಗ ಕಚೇರಿಯ ಬಟ್ಟೆಯಲ್ಲೇ ಬಂದಿದ್ದ ಹುಡುಗಿಯೊಬ್ಬಳು ಮಂಡಿಯೂರಿ ಕೈಮುಗಿದಿದ್ದಳು. ಅವಳ ಬೆನ್ನ ಹಿಂದೆ ಹಾಡು, ಕುಣಿತ ಸಾಗಿತ್ತು. ಮುಗಿದೊಡನೆ ಬ್ಯಾಗೆತ್ತಿಕೊಂಡು ರೈಲಿನತ್ತ ಓಡಿದಳು.

ಈ ಬ್ರಹ್ಮ ಕೇಡನ್ನೂ ಕಂಡಿದ್ದಾನೆ. 2006ರಲ್ಲಿ ಒಬ್ಬಾತ ಸುತ್ತಿಗೆಯಿಂದ ಮೂರ್ತಿಯನ್ನು ಒಡೆದು, ಸುತ್ತಲಿದ್ದವರ ಏಟಿಗೆ ಸತ್ತ. 2015ರ ಆಗಸ್ಟ್ 17ರಂದು ಇಲ್ಲೇ ಬಾಂಬು ಸಿಡಿದು 20 ಜನ ತೀರಿಕೊಂಡರು. ಎರಡು ದಿನಕ್ಕೆ ಬಾಗಿಲು ತೆರೆಯಿತು, ಜನ ಮತ್ತೆ ಹೂ ಹಿಡಿದು ಬಂದರು.

ಬೆಂಗಳೂರಿನಿಂದ ಬ್ಯಾಂಕಾಕಿಗೆ ನೇರ ವಿಮಾನಗಳಿವೆ, ಈಚೆಗೆ ಹೋಗುವವರೂ ಹೆಚ್ಚಿದ್ದಾರೆ. ಬಹುಪಾಲು ಜನ ಇದೇ ಚೌಕದ ಮಾಲ್‌ಗಳಲ್ಲಿ ದಿನ ಕಳೆದು, ಎದುರಿಗಿರುವ ಬ್ರಹ್ಮನನ್ನು ಪಾದಚಾರಿ ಮೇಲ್ಸೇತುವೆಯಿಂದ ಫೋಟೊ ತೆಗೆದು ಬರುತ್ತಾರೆ. ಕೆಳಗಿಳಿದು ಹೋಗಿ. ಭುಜ, ಮಂಡಿ ಮುಚ್ಚುವ ಬಟ್ಟೆ ತೊಟ್ಟಿರಿ. ನಾಲ್ಕೂ ಮುಖಕ್ಕೆ ಪ್ರದಕ್ಷಿಣೆಯಾಗಿ ಕೈಮುಗಿಯುವುದು ಪದ್ಧತಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಹುಂಡಿಗೆ ಹಾಕಿದ ಹಣ ಆಸ್ಪತ್ರೆಗಳಂಥ ಧರ್ಮಕಾರ್ಯಕ್ಕೆ ಹೋಗುತ್ತದೆ.